ಬಾಗಿಲ ಮುಂದೆ ಹದಿನಾಲ್ಕು ತಿಂಗಳು

ನಮ್ಮೂರಿನ ಕ್ಷೌರದಂಗಡಿಯಲ್ಲಿ ಒಬ್ಬ ಗಿರಾಕಿ ಒಂದು ಕೆನ್ನೆ ಬೋಳಿಸಿಕೊಂಡು, ಇನ್ನೊಂದು ಕೆನ್ನೆಯ ಮೇಲೆ ನೊರೆ ಒಣಗಿಸಿಕೊಳ್ಳುತ್ತ ಕೂತಿದ್ದರೆ ಯಾರೂ ಏನಾಯಿತೆಂದು ಕೇಳುವುದಿಲ್ಲ. ಪರದೆಯ ಹಿಂದೆ ಕ್ಷೌರಿಕ ಮುನಿಯಪ್ಪ ಏನೋ ಬರೆದುಕೊಳ್ಳುತ್ತಿದ್ದಾನೆ ಎಂದು ಎಲ್ಲರಿಗೂ ಗೊತ್ತು. ನಮ್ಮಲ್ಲಿ ಕಥೆಯಾಗಲಿ, ಪದ್ಯವಾಗಲಿ, ಬರುವುದು ಎರಡೂ ಕೈಗೆ ಕೆಲಸ ಇದ್ದಾಗಲೇ. ಕಾಗದ, ಪೆನ್ನು ಹೊಂದಿಸಿಕೊಂಡು ಕಿಟಕಿಯ ಪಕ್ಕ ಕೂತವರಿಗೆ ಈ ತನಕ ನಿದ್ದೆಯೊಂದನ್ನು ಬಿಟ್ಟು ಇನ್ನೇನೂ ಬಂದಿಲ್ಲ. ಬಂದಾಗ ಬಂದವರ ಕಿವಿಗಳೆರಡೂ ದಾಸವಾಳದ ಹಾಗೆ ಕೆಂಪಾಗುತ್ತವೆ. ಒಂದು ಎಲೆಯಡಿಕೆ ಹಾಕಿಕೊಂಡು ಮುಗಿಸುವಷ್ಟು ಹೊತ್ತು ಆ ಕೆಂಪು ನಿಲ್ಲುತ್ತದೆ. ಅಷ್ಟರೊಳಗೆ ಬಂದದ್ದನ್ನು, ಯಾರಿಗೆ ಬಂತೋ ಅವರೇ ತಮ್ಮ ಕೈಯಾರೆ ಬರೆದುಕೊಂಡರೆ ಉಳಿಯಿತು, ಇಲ್ಲದಿದ್ದರೆ ಹೋಯಿತು. ಹೋದದ್ದು ತಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ. ಹಾಗಾಗಿ ಯಾರ ಕಿವಿ ಕೆಂಪಾದರೂ ಹತ್ತಿರವಿದ್ದವರು ‘ಇಲ್ಲಿ ಕೊಡಿ’ ಎಂದು ಅವರ ಕೈಯ ಕೆಲಸವನ್ನು ಇಸಿದುಕೊಳ್ಳಬೇಕು. ಜಾತಿ ಕೇಳುವಂತಿಲ್ಲ, ಕಸುಬು ನೋಡುವಂತಿಲ್ಲ. ಹತ್ತನೇ ಕ್ಲಾಸಿನ ಗಣಿತದ ಪರೀಕ್ಷೆಯಲ್ಲಿ ಒಬ್ಬ ಹುಡುಗಿಯ ಕಿವಿ ಕೆಂಪಾದಾಗ ಮೇಲ್ವಿಚಾರಕರು ‘ಇಲ್ಲಿ ಕೊಡಮ್ಮ’ ಎಂದು ಅವಳ ಉತ್ತರ ಪತ್ರಿಕೆ ತೆಗೆದುಕೊಂಡು ಉಳಿದ ಲೆಕ್ಕಗಳನ್ನು ತಾವೇ ಬಿಡಿಸಿದರು. ಹುಡುಗಿ ಫೇಲಾದಳು. ಅವಳ ಪದ್ಯ ಮಾತ್ರ ಇವತ್ತಿಗೂ ಊರಿನ ಬಾಯಲ್ಲಿದೆ. ಮೇಲ್ವಿಚಾರಕರು ಆ ಹುಡುಗಿಯ ಮನೆಯ ಬೀದಿಯಲ್ಲಿ ಓಡಾಡುವುದನ್ನು ಬಿಟ್ಟಿದ್ದಾರೆ.

ಹತ್ತಿರ ಯಾರೂ ಇಲ್ಲದಿದ್ದರೆ ನಾನಿದ್ದೇನೆ. ನನ್ನ ಹೆಸರು ತಿಪ್ಪೇರುದ್ರ, ಕರೆಯುವುದು ರುದ್ರಣ್ಣ ಎಂದು. ಪುರಸಭೆಯಲ್ಲಿ ನನ್ನದು ‘ಬದಲಿ ಕೈ’ ಎಂಬ ಹುದ್ದೆ. ದಾಖಲೆಯಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ತಾತ್ಕಾಲಿಕ. ಪೇಟೆ ಸರ್ಕಲ್ಲಿನ ಗಡಿಯಾರದ ಕೆಳಗಿನ ಬೆಂಚೇ ನನ್ನ ಕಚೇರಿ. ‘ರುದ್ರಣ್ಣಾ, ಕಿವಿ!’ ಎಂದು ಯಾವ ದಿಕ್ಕಿನಿಂದ ಕೂಗು ಬಂದರೂ ಓಡುತ್ತೇನೆ. ದೋಸೆ ಹುಯ್ದಿದ್ದೇನೆ, ಪಂಕ್ಚರ್ ಹಾಕಿದ್ದೇನೆ, ಎಮ್ಮೆ ಕರೆದಿದ್ದೇನೆ, ಸತ್ತವರ ಮನೆಯಲ್ಲಿ ಅರ್ಧಕ್ಕೆ ನಿಂತ ಅಳುವನ್ನೂ ಮುಂದುವರಿಸಿದ್ದೇನೆ. ಒಮ್ಮೆ ಮುಹೂರ್ತದ ಹೊತ್ತಿಗೆ ಸರಿಯಾಗಿ ಪುರೋಹಿತರ ಕಿವಿ ಕೆಂಪಾಗಿ, ಬಾಕಿ ಅರ್ಧ ಮದುವೆಯನ್ನು ನಾನೇ ಮಾಡಿಸಿದೆ. ಆ ದಂಪತಿ ಚೆನ್ನಾಗಿದ್ದಾರೆ. ಜಗಳವಾದಾಗ ಮಾತ್ರ ತಪ್ಪಿನ ಅರ್ಧ ಪಾಲನ್ನು ನನ್ನ ಹೆಸರಿಗೆ ಹಾಕುತ್ತಾರೆ. ನನ್ನ ಕಿವಿಗಳು ಹುಟ್ಟಿದಾಗ ಯಾವ ಬಣ್ಣ ಇದ್ದವೋ ಈಗಲೂ ಅದೇ ಬಣ್ಣ. ಇದನ್ನೂ ತಣ್ಣನೆಯ ಕಿವಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ನಡೆದದ್ದನ್ನು ಬರೆಯಲು ಕಿವಿ ಬೇಕಾಗಿಲ್ಲ, ನೆನಪಿದ್ದರೆ ಸಾಕು.

ಈ ಕೆಲಸಕ್ಕೆ ಅದರದೇ ಶಿಸ್ತಿದೆ. ಏನು ಬಂತು ಎಂದು ಕೇಳಬಾರದು. ಇಸಿದುಕೊಂಡ ಕೆಲಸವನ್ನು ಕೆಡಿಸಬಾರದು, ಮುಗಿಸಿಬಿಡಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಯಜಮಾನನಿಗಿಂತ ಚೆನ್ನಾಗಿ ಮಾಡಬಾರದು. ಈ ಕೊನೆಯದನ್ನು ನಾನು ಕಲಿತದ್ದು ಮಿಠಾಯಿ ಅಂಗಡಿಯ ಗುಂಡಾಶೆಟ್ಟರಿಂದ. ಅವರು ಒಳಗೆ ಹೋಗಿ ನಾಲ್ಕು ಸಾಲು ಬರೆದು ಬರುವಷ್ಟರಲ್ಲಿ ನಾನು ಹಾಕಿದ ಜಿಲೇಬಿಗೆ ಜನ ಸಾಲು ಹಚ್ಚಿದ್ದರು. ಶೆಟ್ಟರು ನನ್ನ ಜೊತೆ ನಾಲ್ಕು ವರ್ಷ ಮಾತಾಡಲಿಲ್ಲ. ಇಷ್ಟಕ್ಕೆಲ್ಲ ಬದಲಾಗಿ ಬದಲಿ ಕೈಗೆ ಇರುವುದು ಒಂದೇ ಹಕ್ಕು: ಬರೆದದ್ದನ್ನು ಮೊದಲು ಓದುವುದು. ಕೆಲಸ ಹಿಡಿದವರು ಓದಿದ ಮೇಲೆಯೇ ಅದು ಊರಿಗೆ. ನಮ್ಮ ಗ್ರಂಥಾಲಯದಲ್ಲಿ ಹಿಟ್ಟು ಮೆತ್ತಿದ, ಗ್ರೀಸ್ ಹತ್ತಿದ, ಸೋಪಿನ ನೊರೆಗೆ ಶಾಯಿ ಕದಡಿದ ಸಾವಿರಾರು ಹಾಳೆಗಳಿವೆ. ಅವುಗಳಲ್ಲಿ ಮುಕ್ಕಾಲು ಪಾಲಿನ ಮೊದಲ ಓದುಗ ನಾನು. ಒಂದು ಸಾಲನ್ನೂ ಕಟ್ಟಲಾರದ ನನಗೆ ಈ ವಿಷಯದಲ್ಲಿ ಇರುವಷ್ಟು ಜಂಬ ಬರೆದವರಿಗೂ ಇರಲಾರದು. ಅದನ್ನು ಮುಚ್ಚಿಡಲು ನಾನು ಪ್ರಯತ್ನಪಟ್ಟೂ ಇಲ್ಲ.

ಈಗ ಹಾಲಮ್ಮನ ವಿಷಯಕ್ಕೆ ಬರುತ್ತೇನೆ. ಹಾಲಮ್ಮ ಬಳೆಗಾರ್ತಿ, ಅರವತ್ತೆಂಟು ದಾಟಿದವಳು. ಅವಳಿಗೆ ಬರುತ್ತಿದ್ದದ್ದು ಒಂದೇ ಒಂದು ಕಥೆ, ಅದೂ ಒಂದು ಸಲಕ್ಕೆ ಒಂದೇ ವಾಕ್ಯ. ಎದುರಿಗೆ ಕೂತವಳ ಕೈಯನ್ನು ಹಿಸುಕಿ ಮೆದು ಮಾಡಿ, ಹೆಬ್ಬೆರಳಿನ ಬುಡವನ್ನು ಒಳಕ್ಕೆ ಒತ್ತಿ, ಗಾಜಿನ ಬಳೆ ಗೆಣ್ಣು ದಾಟುವ ಆ ಒಂದು ಗಳಿಗೆಯಲ್ಲೇ ಅವಳ ಕಿವಿ ಕೆಂಪಾಗುತ್ತಿತ್ತು. ನಾನು ಓಡಿಹೋಗಿ ಅರ್ಧ ಏರಿದ ಬಳೆಯನ್ನು ಹಿಡಿದು ಕೂರುತ್ತಿದ್ದೆ. ಅವಳು ಗೋಡೆಯ ಕಡೆ ತಿರುಗಿ ರಾಗಿ ಕಾಳಿನಂಥ ಅಕ್ಷರಗಳಲ್ಲಿ ಬರೆಯುತ್ತಿದ್ದಳು. ‘ಅಕ್ಕನಿಗೊಂದು ಸುದ್ದಿ ಹೇಳಬೇಕೆಂದು ಅವಳು ಒಲೆ ಆರಿಸಿ, ಬಾಗಿಲು ಮುಚ್ಚದೆ ಮನೆ ಬಿಟ್ಟಳು’ ಎಂಬುದು ಮೊದಲನೆಯ ವಾಕ್ಯ. ಹನ್ನೊಂದು ವರ್ಷದಲ್ಲಿ ಅಂಥ ನಾನೂರ ಹನ್ನೆರಡು ವಾಕ್ಯ ಬಂದವು. ಹೆಸರಿಲ್ಲದ ಆ ಹೆಂಗಸು ನಡೆಯುತ್ತಲೇ ಇದ್ದಳು. ‘ಅವಳು ಹೊಳೆಯ ಹತ್ತಿರ ಬಂದಾಗ ಹೊಳೆ ಅವಳಿಗಿಂತ ಅವಸರದಲ್ಲಿತ್ತು’ ಎಂಬುದನ್ನು ಓದಿದ ದಿನ ನಾನು ಮನೆಗೆ ಹೋಗಿ ಊಟ ಮಾಡದೆ ಕೂತಿದ್ದೆ.

ಹೊಸ ವಾಕ್ಯ ಬಂದ ದಿನ ಗ್ರಂಥಾಲಯದ ಹಲಗೆಯ ಮೇಲೆ ಅದನ್ನು ಸೀಮೆಸುಣ್ಣದಲ್ಲಿ ಬರೆದು ಹಾಕುತ್ತಿದ್ದರು. ಜನ ಓದಿ ತಲೆಕೆಡಿಸಿಕೊಳ್ಳುತ್ತಿದ್ದರು. ಆ ಸುದ್ದಿ ಏನು ಎಂಬುದೇ ಎಲ್ಲರ ತಲೆನೋವು. ಸಾವಿನ ಸುದ್ದಿ ಎಂದು ಪೇಟೆಯವರು, ಹೆರಿಗೆಯ ಸುದ್ದಿ ಎಂದು ಕೆಳಗೇರಿಯವರು. ‘ಅದು ಸಂಕೇತ ಕಣ್ರಯ್ಯ, ಸುದ್ದಿ ಅಂತ ಏನೂ ಇಲ್ಲ’ ಎಂದು ಕಲ್ಲೇಶ ಮೇಷ್ಟ್ರು ಹೇಳಿದಾಗ ಹಾಲಿನ ಕೆಂಚಪ್ಪ ಕ್ಯಾನು ಕೆಳಗಿಟ್ಟು ನಿಂತುಬಿಟ್ಟ. ‘ಏನೂ ಇಲ್ದೆ ಆ ಯಮ್ಮ ಅಷ್ಟು ದೂರ ನಡೀತಾಳೇನ್ರೀ ಮೇಷ್ಟ್ರೇ? ನೀವು ನಡೀತೀರಾ?’ ಎಂದ. ಬೇಗ ಬೇಗ ವಾಕ್ಯ ಬರಲಿ ಎಂದು ಊರಿನ ಹೆಂಗಸರು ಬೇಕಿಲ್ಲದಿದ್ದರೂ ಬಳೆ ತೊಡಿಸಿಕೊಳ್ಳಲು ಬರುತ್ತಿದ್ದರು. ಮೊಣಕೈವರೆಗೆ ಬಳೆ ಹಾಕಿಕೊಂಡು ಮುದ್ದೆ ತಿರುವಲಾಗದೆ ಒದ್ದಾಡಿದವರಿದ್ದಾರೆ. ಎರಡು ಸಲ ಕೆಂಚಪ್ಪನೂ ಕೈ ಚಾಚಿ ಕೂತಿದ್ದ. ‘ಏಳೋ ಮೇಲಕ್ಕೆ, ನಿನ್ನ ಮುಷ್ಟಿಗೆ ಗಾಡಿ ಗಾಲಿ ಪಟ್ಟೀನೇ ಆಗ್ಬೇಕು’ ಎಂದು ಹಾಲಮ್ಮ ಎಬ್ಬಿಸಿ ಕಳಿಸಿದಳು.

ನಾನೂರ ಹನ್ನೆರಡನೆಯ ವಾಕ್ಯ ಹೀಗಿತ್ತು: ‘ಹೊತ್ತು ಮುಳುಗುವ ಮುಂಚೆ ಅವಳು ಅಕ್ಕನ ಬಾಗಿಲು ತಟ್ಟಿದಳು.’ ಅದನ್ನು ಬರೆದ ವಾರಕ್ಕೇ ಹಾಲಮ್ಮನ ಬಲಗೈ ಹೆಬ್ಬೆರಳು ಬಾತುಕೊಂಡಿತು. ಸಂಧಿವಾತ, ಇನ್ನು ಬಳೆ ತೊಡಿಸುವ ಮಾತೇ ಇಲ್ಲ ಎಂದರು ಡಾಕ್ಟರು. ಸೊಸೆ ದಾಕ್ಷಾಯಿಣಿ ಅಂಗಡಿ ವಹಿಸಿಕೊಂಡಳು. ಹಾಲಮ್ಮ ಜಗಲಿಯ ಮೇಲೆ ಖಾಲಿ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಖಾಲಿ ಕೈಗೆ ಏನು ಬರುತ್ತದೆ? ತಿಂಗಳಾಯಿತು, ಎರಡಾಯಿತು, ವರ್ಷವಾಯಿತು. ಗ್ರಂಥಾಲಯದ ಹಲಗೆಯ ಮೇಲೆ ಅದೇ ವಾಕ್ಯ. ಸೀಮೆಸುಣ್ಣ ಮಾಸಿದಾಗಲೆಲ್ಲ ಅದರ ಮೇಲೇ ತಿದ್ದುತ್ತಿದ್ದರು. ಊರಿನವರ ನಡವಳಿಕೆಯಲ್ಲೇ ಸಣ್ಣದೊಂದು ವ್ಯತ್ಯಾಸವಾಯಿತು. ಯಾರ ಮನೆಯ ಬಾಗಿಲನ್ನು ಯಾರು ತಟ್ಟಿದರೂ ಒಳಗಿನವರು ಬಿದ್ದು ಎದ್ದು ಓಡಿಬಂದು ತೆಗೆಯುತ್ತಿದ್ದರು. ಸ್ನಾನದಿಂದ ಅರ್ಧಕ್ಕೆ ಎದ್ದು ಬಂದು ತೆಗೆದವರನ್ನು ನಾನೇ ನೋಡಿದ್ದೇನೆ. ವಿಮೆಯವನೊಬ್ಬ ಪರವೂರಿನಿಂದ ಬಂದು, ಇಷ್ಟು ಮರ್ಯಾದೆಯ ಊರನ್ನು ಜನ್ಮದಲ್ಲಿ ನೋಡಿಲ್ಲ ಎಂದು ಕಣ್ಣೊರೆಸಿಕೊಂಡು ಹೋದ.

ಹದಿಮೂರನೆಯ ತಿಂಗಳು ನನಗೊಂದು ಉಪಾಯ ಹೊಳೆಯಿತು. ನಾಚಿಕೆಯ ವಿಷಯವಾದರೂ ಹೇಳುತ್ತೇನೆ. ಇಪ್ಪತ್ತಾರು ವರ್ಷ ಜನರ ಕೈಯಿಂದ ಕೆಲಸ ಇಸಿದುಕೊಂಡವನು ನಾನು, ಈಗ ಹಾಲಮ್ಮನ ಕೈಗೆ ಕೆಲಸ ಕೊಡಬೇಕು, ಅದೂ ಬರೀ ಕೆಲಸವಲ್ಲ, ಬರೆಯಲು ಪುರುಸೊತ್ತೇ ಇಲ್ಲದಂಥ ಪೀಕಲಾಟ ತರಬೇಕು ಎಂದುಕೊಂಡೆ. ಗಡಿಯಾರದ ಕೆಳಗೆ ಸಭೆ ಸೇರಿತು. ಕೆಂಚಪ್ಪ, ಮೇಷ್ಟ್ರು, ದಾಕ್ಷಾಯಿಣಿ ಮತ್ತು ನಾನು. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಎಂದು ನಿಶ್ಚಯವಾಯಿತು. ದಾಕ್ಷಾಯಿಣಿ ಒಲೆಯ ಮೇಲೆ ಹಾಲಿಟ್ಟು, ಅತ್ತೆಯ ಒಂದು ತೋಳಿಗೆ ತನ್ನ ಮಗುವನ್ನೂ ಇನ್ನೊಂದು ಕೈಗೆ ಅಕ್ಕಿಯ ಮೊರವನ್ನೂ ಕೊಟ್ಟು, ಈಗ ಬಂದೆ ಎಂದು ಹೋಗುವುದು. ಹಾಲು ಉಕ್ಕುವ ಹೊತ್ತಿಗೆ ಕೆಂಚಪ್ಪ ಹಿತ್ತಲ ಕಡೆಯಿಂದ ತನ್ನ ಮೇಕೆಯನ್ನು ಒಳಕ್ಕೆ ಬಿಡುವುದು. ಅದೇ ಹೊತ್ತಿಗೆ ಮೇಷ್ಟ್ರು ಮುಂಬಾಗಿಲಲ್ಲಿ ನಿಂತು, ಜನಗಣತಿಗೆ ಬಂದಿದ್ದೇನೆ, ನಿಮ್ಮ ಮಾವನವರ ಹುಟ್ಟಿದ ತಾರೀಕು ಏನು ಎಂದು ಕೇಳುವುದು. ನಾನು ಗೋಡೆಯ ಹಿಂದೆ ಕಾದಿದ್ದು, ಕಿವಿ ಕೆಂಪಾದ ಕೂಡಲೇ ಹಾರಿ ಬಂದು ‘ಇಲ್ಲಿ ಕೊಡಿ’ ಎನ್ನುವುದು.

ಎಲ್ಲವೂ ಗಡಿಯಾರದ ಮುಳ್ಳಿನ ಹಾಗೆ ನಡೆಯಿತು. ಮಗು ಕಿರುಚಿತು, ಮೊರ ವಾಲಿತು, ಮೇಕೆ ಒಳಗೆ ನುಗ್ಗಿ ಚೆಲ್ಲಿದ ಅಕ್ಕಿಗೆ ಬಾಯಿ ಹಾಕಿತು, ಮೇಷ್ಟ್ರು ಪಾತ್ರದಲ್ಲಿ ಮೈಮರೆತು ಮಾವನವರ ಅಪ್ಪನ ಹುಟ್ಟಿದ ತಾರೀಕನ್ನೂ ಕೇಳಿದರು. ನಾನು ಕತ್ತು ಉದ್ದ ಮಾಡಿ ಹಾಲಮ್ಮನ ಕಿವಿಗಳನ್ನೇ ನೋಡುತ್ತಿದ್ದೆ. ಅವು ಒಣಗಿದ ಬಾಳೆಪಟ್ಟೆಯ ಬಣ್ಣದಲ್ಲಿ ಹಾಗೇ ಇದ್ದವು. ಅವಳು ಯಾರ ಕಡೆಯೂ ತಿರುಗದೆ ಹೇಳಿದಳು: ‘ರುದ್ರಾ, ಗೋಡೆ ಹಿಂದೆ ಕೂತು ಮಂಡಿ ನೋವು ಬಂದಿದ್ರೆ ಒಳಗೆ ಬಾ. ಹಾಲು ಇಳಿಸು. ಕೆಂಚಾ, ನಿನ್ನ ಮೇಕೆ ಹಿಡ್ಕೊಳ್ಳೋ. ಮೇಷ್ಟ್ರೇ, ನಮ್ಮ ಮಾವ ಹುಟ್ಟಿದ ತಾರೀಕು ಅವರಿಗೇ ಗೊತ್ತಿರ್ಲಿಲ್ಲ, ನೀವು ಮನೆಗೆ ನಡೀರಿ.’

ಅವರಿಬ್ಬರೂ ಹೋದ ಮೇಲೆ ನಾನು ಹಾಲು ಇಳಿಸಿ, ನೆಲ ಒರೆಸಿ, ತಲೆ ತಗ್ಗಿಸಿ ನಿಂತೆ. ‘ತಪ್ಪಾಯ್ತು ದೊಡ್ಡಮ್ಮಾ’ ಎಂದೆ.

‘ತೊಂದರೆ ಅನ್ನೋದು ಹೇಳಿ ಕಳಿಸಿದ್ರೆ ಬರೋ ನೆಂಟ ಅಲ್ಲ ಕಣೋ’ ಎಂದಳು ಹಾಲಮ್ಮ. ‘ಇಷ್ಟು ವರ್ಷ ಈ ಕೆಲಸ ಮಾಡಿ ಇಷ್ಟೂ ತಿಳೀಲಿಲ್ವಾ ನಿಂಗೆ? ನಾಲ್ಕು ಜನ ಸೇರಿ ಒಬ್ಬ ಮುದುಕಿಗೆ ನೆಟ್ಟಗೆ ತೊಂದರೆ ಕೊಡೋಕೂ ಬರಲ್ವಲ್ಲ, ಥೂ.’ ಬೈದಳಾದರೂ ದನಿಯಲ್ಲಿ ಕೋಪವಿರಲಿಲ್ಲ. ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, ‘ಅವಳ ಕಾಲು ಊದಿರುತ್ತೆ ರುದ್ರಾ’ ಎಂದಳು.

‘ಯಾರದು?’

‘ಬಾಗಿಲ ಮುಂದೆ ನಿಂತಿದ್ದಾಳಲ್ಲ, ಅವಳದು. ಹನ್ನೊಂದು ವರ್ಷ ನಡೆಸ್ದೆ. ಕೂರು ಅನ್ನೋಕೆ ನಂಗೆ ಬರಲಿಲ್ಲ. ಅಕ್ಕ ಒಳಗಡೇನೆ ಇದ್ದಾಳೆ, ಅದು ನಂಗೆ ಗೊತ್ತು. ಅವಳು ಎದ್ದು ಬರೋದನ್ನ ನಾನು ಬರೀಬೇಕು, ಬೇರೆ ಯಾರೂ ಬರೆಯೋ ಹಾಗಿಲ್ಲ. ನಾಳೆ ನಾನು ಕಣ್ಣು ಮುಚ್ಚಿದ್ರೆ ಅವಳು ಅಲ್ಲೇ ನಿಂತುಬಿಡ್ತಾಳಲ್ಲೋ.’

ಇಸಿದುಕೊಳ್ಳಲು ಅವಳ ಕೈಯಲ್ಲಿ ಏನೂ ಇರಲಿಲ್ಲ.

ಆ ಮೇಲೆ ನಾವು ಆಸೆ ಬಿಟ್ಟೆವು. ನಿಜವಾಗಿ ಬಿಟ್ಟೆವು. ಪುರಸಭೆಯ ಅಧ್ಯಕ್ಷೆ ಪಂಕಜಾಕ್ಷಮ್ಮನವರು, ಮುಗಿಯದಿದ್ದರೂ ಅದು ಊರಿನ ಹೆಮ್ಮೆಯ ಕಥೆ, ಇದ್ದಷ್ಟನ್ನೇ ಅಚ್ಚು ಹಾಕಿಸಿ ಹಾಲಮ್ಮನಿಗೆ ಸನ್ಮಾನ ಮಾಡೋಣ ಎಂದರು. ಹಾಲಮ್ಮ ಮೊದಲು ಒಪ್ಪಲಿಲ್ಲ. ‘ಅರ್ಧ ಏರಿಸಿದ ಬಳೆಗೆ ಯಾರಾದ್ರೂ ಆರತಿ ಎತ್ತುತಾರಾ?’ ಎಂದು ಕೇಳಿದಳು. ಅಧ್ಯಕ್ಷೆ ಮನೆಗೇ ಬಂದು, ‘ನಾವು ನಿಮಗೆ ಕೊಡ್ತಿರೋದಲ್ಲಮ್ಮ ಇದು, ನಮ್ಮ ಸಮಾಧಾನಕ್ಕೆ’ ಎಂದ ಮೇಲೆ, ‘ಹಂಗಾದ್ರೆ ಬೇಗ ಮುಗಿಸ್ಬೇಕು, ಬಿಸಿಲಿಗೆ ನಂಗಾಗಲ್ಲ’ ಎಂದು ಒಪ್ಪಿದಳು.

ಹದಿನಾಲ್ಕನೆಯ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೈಸ್ಕೂಲು ಮೈದಾನದಲ್ಲಿ ಶಾಮಿಯಾನ. ಊರಿಗೆ ಊರೇ ಬಂದಿತ್ತು. ನನ್ನದು ಮೂರನೆಯ ಸಾಲಿನ ತುದಿಯ ಕುರ್ಚಿ, ಎದ್ದು ಓಡಲು ಅನುಕೂಲವಾಗುವಂಥದ್ದು. ಎಲ್ಲಿ ಹೋದರೂ ನಾನು ಕೂರುವುದು ತುದಿಯಲ್ಲೇ. ವೇದಿಕೆಯ ಮೇಲೆ ಹಾಲಮ್ಮನಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಜರಿಯ ಮೈಸೂರು ಪೇಟವನ್ನು ತಲೆಗಿಟ್ಟರು. ಪೇಟ ದೊಡ್ಡದಾಗಿತ್ತು, ಕಿವಿಯನ್ನೆಲ್ಲ ಮುಚ್ಚಿಕೊಂಡು ಹುಬ್ಬಿನವರೆಗೆ ಇಳಿಯಿತು. ಕಡೆಗೆ ಹಣ್ಣು ತುಂಬಿದ ಹಿತ್ತಾಳೆ ತಟ್ಟೆಯನ್ನು ಎರಡೂ ಕೈಗೆ ಕೊಟ್ಟು, ಅಧ್ಯಕ್ಷೆ ಬಿನ್ನವತ್ತಳೆ ಓದಲು ಶುರು ಮಾಡಿದರು. ‘ಬಳೆಯ ಬಾಗಿನದೊಡನೆ ಊರಿಗೆ ಕಥೆಯ ಬಾಗಿನವನ್ನೂ ಇತ್ತ ತಾಯಿ ಹಾಲಮ್ಮನವರೇ’ ಎಂದು ಅದು ತೊಡಗುತ್ತಿತ್ತು. ಬರೆದದ್ದು ಕಲ್ಲೇಶ ಮೇಷ್ಟ್ರು. ತಣ್ಣನೆಯ ಕಿವಿಯಲ್ಲಿ ಬರೆದದ್ದು ಎಂದು ಯಾರಿಗಾದರೂ ತಿಳಿಯುವಂತಿತ್ತು.

ಒಂದು ಪುಟ ಮುಗಿದಿರಬಹುದು. ನಾನು ಹಾಲಮ್ಮನ ಕೈಯನ್ನು ನೋಡಿದೆ. ತಟ್ಟೆಯ ಅಂಚಿನಲ್ಲಿದ್ದ ಮೂಸಂಬಿಯನ್ನು ಅವಳ ಬಾತ ಹೆಬ್ಬೆರಳು ಒತ್ತುತ್ತಿತ್ತು. ಸುಮ್ಮನೆ ಒತ್ತುವುದಲ್ಲ. ಮೆಲ್ಲಗೆ ಹಿಸುಕಿ, ಬುಡವನ್ನು ಹುಡುಕಿ, ಒಳಕ್ಕೆ ತಳ್ಳಿ, ಮತ್ತೆ ಹಿಸುಕಿ. ಹನ್ನೊಂದು ವರ್ಷ ಆ ಕೈಯಿಂದ ಅರ್ಧ ಏರಿದ ಬಳೆ ಇಸಿದುಕೊಂಡವನು ನಾನು. ಕುರ್ಚಿಯ ತುದಿಗೆ ಸರಿದೆ. ಮುಂದಿನ ಸಾಲಿನಲ್ಲಿ ಕೂತ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಕಾಣಬೇಕಾದ್ದನ್ನೆಲ್ಲ ನಾವೇ ಪೇಟ ಹಾಕಿ ಮುಚ್ಚಿದ್ದೆವು. ಹಾಲಮ್ಮನ ಕಣ್ಣು ಮಾತ್ರ ಸಾಲು ಸಾಲಾಗಿ ಜನರನ್ನು ದಾಟಿಕೊಂಡು ಬರುತ್ತಿತ್ತು. ತುದಿಯ ಕುರ್ಚಿಗೆ ಬಂದು ನಿಂತಿತು.

ಸನ್ಮಾನಕ್ಕೆ ಬದಲಿ ಕೈ ಹೋದ ಉದಾಹರಣೆ ಊರಿನಲ್ಲಿ ಇರಲಿಲ್ಲ. ಅದನ್ನು ಕೆಲಸ ಎನ್ನಬಹುದೇ ಎಂದು ಯೋಚಿಸಲು ನನಗೆ ಪುರುಸೊತ್ತೂ ಇರಲಿಲ್ಲ. ಮೆಟ್ಟಿಲು ಎಲ್ಲಿದೆ ಎಂದು ಹುಡುಕದೆ ವೇದಿಕೆಯ ಮೇಲೆ ಹಾರಿ, ‘ಇಲ್ಲಿ ಕೊಡಿ ದೊಡ್ಡಮ್ಮಾ’ ಎಂದು ತಟ್ಟೆ ಇಸಿದುಕೊಂಡೆ. ಅವಳು ಹಾರವನ್ನು ತೆಗೆದು ನನ್ನ ಕೊರಳಿಗೆ ಹಾಕಿದಳು. ಶಾಲನ್ನು ನನ್ನ ಹೆಗಲಿಗೆ ಎಸೆದಳು. ಪೇಟ ತೆಗೆದಾಗ ಎರಡೂ ಕಿವಿ ಕೆಂಡದ ಹಾಗೆ ಹೊಳೆದವು. ಮೈದಾನದಲ್ಲಿ ‘ಹೋ’ ಎಂದು ಒಂದು ಕೂಗು ಎದ್ದು, ಮರುಕ್ಷಣವೇ ಯಾರೋ ಬಾಯಿ ಮುಚ್ಚಿದ ಹಾಗೆ ಪೂರಾ ಅಡಗಿತು. ಹಾಲಮ್ಮ ಅಧ್ಯಕ್ಷೆಯ ಮುಂದಿದ್ದ ಪೆನ್ನನ್ನೂ ಒಂದು ಆಮಂತ್ರಣ ಪತ್ರಿಕೆಯನ್ನೂ ಎತ್ತಿಕೊಂಡು ಬ್ಯಾನರಿನ ಹಿಂದೆ ಹೋದಳು.

ಪಂಕಜಾಕ್ಷಮ್ಮನವರು ನಮ್ಮ ಊರಿನವರು. ಒಂದು ಉಸಿರು ಎಳೆದುಕೊಂಡರು, ನನ್ನ ಕಡೆ ತಿರುಗಿದರು, ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಓದಿದರು. ‘ಮೂರು ಮಕ್ಕಳ ತಾಯಿಯಾಗಿ, ಆರು ಮೊಮ್ಮಕ್ಕಳ ಅಜ್ಜಿಯಾಗಿ ತಾವು ನಡೆಸಿದ ತುಂಬು ಬಾಳು ನಮಗೆಲ್ಲ ಮಾದರಿ’ ಎಂದರು. ನಾನು ತಲೆಬಾಗಿದೆ. ‘ಊರಿನ ಎಷ್ಟೋ ಮದುವಣಗಿತ್ತಿಯರ ಕೈ ಹಿಡಿದವರು ತಾವು’ ಎಂದರು. ಅದಕ್ಕೂ ತಲೆಬಾಗಿದೆ. ಎರಡು ಸಾವಿರ ಜನರಲ್ಲಿ ಒಬ್ಬರೂ ನಗಲಿಲ್ಲ. ನನ್ನ ಕಿವಿ ಇದ್ದದ್ದು ಬ್ಯಾನರಿನ ಕಡೆಗೆ. ಹಿಂದೆ ಪೆನ್ನು ಬಿದ್ದ ಸದ್ದಾಯಿತು. ಹೆಬ್ಬೆರಳು ಮಾತು ಕೇಳುತ್ತಿಲ್ಲ ಎಂದು ಗೊತ್ತಾಯಿತು. ಎತ್ತಿಕೊಂಡ ಸದ್ದಾಯಿತು, ಮತ್ತೆ ಬಿತ್ತು. ‘ಅಯ್ಯೋ ಶಿವನೇ’ ಎಂದು ದಾಕ್ಷಾಯಿಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಯಾರೂ ಹೋಗಿ ಪೆನ್ನು ಹಿಡಿಯುವಂತಿಲ್ಲ, ಯಾರಿಗೆ ಬಂತೋ ಅವರೇ ಬರೆಯಬೇಕು. ಬ್ಯಾನರಿನ ಸಂದಿಯಲ್ಲಿ ಓರೆಗಣ್ಣಿನಿಂದ ನೋಡಿದೆ. ಹಾಲಮ್ಮ ನೆಲದ ಮೇಲೆ ಕೂತು, ಪೆನ್ನನ್ನು ಬೀಡಿ ಹಿಡಿಯುವ ಹಾಗೆ ಎರಡು ಬೆರಳುಗಳ ನಡುವೆ ಸಿಕ್ಕಿಸಿ, ಹೆಬ್ಬೆರಳನ್ನು ದೂರ ಇಟ್ಟುಕೊಂಡು ಒಂದೊಂದೇ ಅಕ್ಷರ ಕೆತ್ತುತ್ತಿದ್ದಳು. ಕಿವಿಯ ತುದಿಯಲ್ಲಿ ಕೆಂಪು ಆಗಲೇ ತೆಳುವಾಗತೊಡಗಿತ್ತು.

ಇತ್ತ ಬಿನ್ನವತ್ತಳೆ ಮುಗಿದುಹೋಯಿತು. ಇಸಿದುಕೊಂಡ ಕೆಲಸ ಯಜಮಾನರು ಬರುವ ಮುಂಚೆ ಮುಗಿಯಬಾರದು. ಅಧ್ಯಕ್ಷೆ ಕೊನೆಯ ಹಾಳೆಯನ್ನು ನೋಡಿದರು, ನನ್ನ ಮುಖ ನೋಡಿದರು, ಹಾಳೆಗಳನ್ನು ನಿಧಾನವಾಗಿ ಜೋಡಿಸಿ ಮೇಲಿನದನ್ನು ಮೇಲಿಟ್ಟುಕೊಂಡು, ‘ಬಳೆಯ ಬಾಗಿನದೊಡನೆ ಊರಿಗೆ ಕಥೆಯ ಬಾಗಿನವನ್ನೂ ಇತ್ತ ತಾಯಿ ಹಾಲಮ್ಮನವರೇ’ ಎಂದು ಮೊದಲಿನಿಂದ ಮತ್ತೆ ಓದಿದರು. ಅದೇ ಏರಿಳಿತ, ಅದೇ ಗೌರವ, ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಜನ ಮೊದಲ ಸಲ ಕೇಳುವವರ ಹಾಗೆ ಕೇಳಿದರು. ಚಪ್ಪಾಳೆ ತಟ್ಟಿದ ಜಾಗದಲ್ಲೇ ಮತ್ತೆ ಚಪ್ಪಾಳೆ ತಟ್ಟಿದರು. ನಾನು ಹಣ್ಣಿನ ತಟ್ಟೆ ಹಿಡಿದು ನಿಂತು, ಇಂಥ ಊರಿನಲ್ಲಿ ನಾನು ಹುಟ್ಟಿದ್ದೇನಲ್ಲ ಎಂದುಕೊಂಡೆ.

‘ಮೂರು ಮಕ್ಕಳ ತಾಯಿ’ ಎಂಬಲ್ಲಿಗೆ ಎರಡನೆಯ ಸಲ ಬಂದಾಗ ಹಾಲಮ್ಮ ಹೊರಗೆ ಬಂದಳು. ಕಿವಿಯಲ್ಲಿ ಕೆಂಪಿನ ಸುಳಿವೂ ಇರಲಿಲ್ಲ. ಬರೆದ ಮೇಲೆ ಇಳಿದದ್ದೋ, ಬರೆಯುವ ಮುಂಚೆಯೇ ಇಳಿದುಹೋದದ್ದೋ ಮುಖ ನೋಡಿ ಹೇಳುವಂತಿರಲಿಲ್ಲ. ಅವಳು ತಟ್ಟೆಯನ್ನು ಇಸಿದುಕೊಂಡು ಮೇಜಿನ ಮೇಲಿಟ್ಟು, ಆಮಂತ್ರಣ ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟಳು. ‘ಅಕ್ಷರ ಸೊಟ್ಟ ಇದಾವೆ, ನೋಡ್ಕೊಂಡು ಓದು’ ಎಂದಳು.

ಮೊದಲ ಓದು ನನ್ನದು. ಎರಡು ಸಾವಿರ ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಮಗು ತಿದ್ದಿದ ಹಾಗಿದ್ದ ದೊಡ್ಡ ದೊಡ್ಡ ಅಕ್ಷರಗಳು ಪತ್ರಿಕೆಯ ಹಿಂಬದಿ ತುಂಬಿ ಅಂಚಿಗೆ ಬಂದು ಮುಗಿದಿದ್ದವು. ಒಂದು ಸಲ ಓದಿದೆ. ಆತುರವಿಲ್ಲದೆ ಇನ್ನೊಂದು ಸಲ ಓದಿದೆ, ಅದು ನನ್ನ ಹಕ್ಕು. ‘ಏನಂತೆ ಅಣ್ಣಾ? ತೆಗೆದ್ಲಾ?’ ಎಂದು ಕೆಂಚಪ್ಪ ತಡೆಯಲಾರದೆ ಕೂಗಿದ. ನಾನು ಹಾಲಮ್ಮನ ಕಡೆ ನೋಡಿದೆ. ಅವಳು ಆಗಲಿ ಎಂದು ಕಣ್ಣಲ್ಲೇ ಹೇಳಿದಳು. ಮೈಕಿನ ಮುಂದೆ ನಿಂತು ಓದಿದೆ:

‘ಬಾಗಿಲು ತೆರೆದ ಅಕ್ಕ, ತಂಗಿ ಬಾಯಿ ತೆರೆಯುವ ಮುಂಚೆಯೇ, ಹೇಳುವೆಯಂತೆ ಬಾ, ಮೊದಲು ಕಾಲು ತೊಳೆದುಕೊಂಡು ಒಂದು ಲೋಟ ನೀರು ಕುಡಿ ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದಳು.’

ಮುಂದಿನ ಸಾಲಿನಲ್ಲಿ ಕಲ್ಲೇಶ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ದಾಕ್ಷಾಯಿಣಿ ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. ಆಗ ಕೆಂಚಪ್ಪ ಎದ್ದು ನಿಂತ.

‘ಅದ್ಸರಿ ಹಾಲಮ್ಮ, ಸುದ್ದಿ ಏನು?’

‘ಯಾವ ಸುದ್ದಿ?’

‘ಅದೇ, ಅಕ್ಕಂಗೆ ಹೇಳೋಕೆ ಅಂತ ಹೊರಟಿದ್ಲಲ್ಲ. ಹನ್ನೆರಡು ವರ್ಷದಿಂದ ಕಾಯ್ತಿದೀನಿ ನಾನು.’

‘ಅದನ್ನ ಅವಳು ಅವರಕ್ಕಂಗೆ ಹೇಳ್ಕೊತಾಳೆ’ ಎಂದಳು ಹಾಲಮ್ಮ, ಮೈಕಿನ ಅಗತ್ಯವೇ ಇಲ್ಲದ ದನಿಯಲ್ಲಿ. ‘ಬಾಗಿಲು ತೆಗೀಬೇಕಿತ್ತು, ತೆಗ್ದಾಯ್ತು. ಹೆಂಗಸರು ಇಬ್ಬರು ಒಳಗೆ ಕೂತು ಮಾತಾಡ್ಕೊಳ್ಳೋ ಕಡೆ ನಿಂಗೇನೋ ಕೆಲಸ?’

ಕೆಂಚಪ್ಪ ಅಕ್ಕಪಕ್ಕ ನೋಡಿದ, ಕೂತ. ಅವನು ಆಮೇಲೆ ಮೂರು ದಿನ ಹಾಲು ಹಾಕಲು ಬಂದರೂ ಯಾರ ಜೊತೆಯೂ ಮಾತಾಡಲಿಲ್ಲ. ನಾಲ್ಕನೆಯ ದಿನ ಸರಿಹೋದ.

ಈಗ ಪುಸ್ತಕ ಅಚ್ಚಾಗಿ ಹೊರಗಿನ ಊರುಗಳಿಗೂ ಹೋಗಿದೆ. ಓದಿದವರು ಆಗೊಮ್ಮೆ ಈಗೊಮ್ಮೆ ಬಸ್ಸಿಳಿದು, ಆ ಹೆಂಗಸು ತಂದ ಸುದ್ದಿ ಏನಾಗಿತ್ತು ಎಂದು ಕೇಳಿಕೊಂಡು ಬರುತ್ತಾರೆ. ಮೊನ್ನೆ ಒಬ್ಬರು ಬಂದಿದ್ದರು, ದೊಡ್ಡ ಓದುಗರಂತೆ. ಸರ್ಕಲ್ಲಿನಲ್ಲಿ ಮೊದಲು ಸಿಕ್ಕವನು ಕೆಂಚಪ್ಪ. ಅವನು ಕ್ಯಾನು ಕೆಳಗಿಟ್ಟು ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

‘ನಮ್ಮೂರಿಗೆಲ್ಲ ಗೊತ್ತು ಸ್ವಾಮಿ’ ಎಂದ. ‘ಆದ್ರೆ ಅಕ್ಕ ತಂಗಿ ಮಾತು ನೋಡಿ ಅದು. ಹೊರಗಿನವರಿಗೆ ಹೇಳಲ್ಲ.’